ಕ್ಯಾಡ್ ಟೈಟಲ್ ಬಾರ್‌ನಲ್ಲಿ ನಮಗೆ ಬೇಕಾದ್ದು ಬರೆಸೋದು ಹೇಗೆ, ಬರೆಸಿದ್ದು ಯಾಕೆ ಮಾಯ ಆಗುತ್ತೆ

ಕ್ಯಾಡ್‌ನಲ್ಲಿ, ಅಂದ್ರೆ ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸೋ ಪ್ರೋಗ್ರಾಂನಲ್ಲಿ, ಒಂದೇ ಹೆಸರಿನ ಎರಡು ಡ್ರಾಯಿಂಗ್ ಎರಡು ಬೇರೆ ಫೋಲ್ಡರ್‌ನಿಂದ ಒಟ್ಟಿಗೆ ತೆಗೆದು ಕೆಲಸ ಮಾಡಿದವರಿಗೆ ಇದೆಲ್ಲಾ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಒಮ್ಮೆ ಹಾಗೇ ಆಯ್ತು, ರಿವಿಷನ್ 2ರ ಫೋಲ್ಡರ್‌ನಲ್ಲಿ ಒಂದು ಪ್ಲಾನ್-01, ರಿವಿಷನ್ 3ರ ಫೋಲ್ಡರ್‌ನಲ್ಲಿ ಇನ್ನೊಂದು ಪ್ಲಾನ್-01, ಹಳೇದನ್ನ ನೋಡ್ಕೊಂಡು ಹೊಸದರಲ್ಲಿ ತಿದ್ದೋಣ ಅಂತ ಎರಡೂ ತೆಗೆದಿಟ್ಟಿದ್ದೆ, ಮಧ್ಯೆ ಫೋನ್ ಬಂತು, ಮಾತಾಡಿ ವಾಪಸ್ ಬಂದು ಕೂತವನು ಹತ್ರ ಹತ್ರ ಎರಡು ಗಂಟೆ ಹಳೇದರಲ್ಲೇ ಗೋಡೆ ಸರಿಸ್ತಾ ಇದ್ದೆ. ಮೇಲೆ ಹೆಸರು ಬರೋ ಪಟ್ಟಿ, ಅಂದ್ರೆ ಟೈಟಲ್ ಬಾರ್‌ನಲ್ಲಿ ಪ್ಲಾನ್-01 ಅಂತ ಸರಿಯಾಗೇ ಇತ್ತು, ಅದೇನೂ ಸುಳ್ಳು ಹೇಳಿರಲಿಲ್ಲ, ನನಗೆ ಬೇಕಾದ ವಿಷಯ ಮಾತ್ರ ಹೇಳಿರಲಿಲ್ಲ ಅಷ್ಟೇ.

ಅವತ್ತೇ ಟೈಟಲ್ ಬಾರ್‌ನಲ್ಲಿ ರಿವಿಷನ್ ಕಾಣೋ ಹಾಗೆ ಒಂದು ಮ್ಯಾಕ್ರೋ, ಅಂದ್ರೆ ಪ್ರೋಗ್ರಾಂ ಒಳಗೇ ಓಡೋ ಪುಟ್ಟ ಕೋಡ್, ಬರೆಯೋಣ ಅಂತ ಕೂತೆ, ಹತ್ತು ನಿಮಿಷದ ಕೆಲಸ ಅನ್ಕೊಂಡಿದ್ದೆ. ಹತ್ತು ನಿಮಿಷದಲ್ಲಿ ಬರಹ ಬದಲಾಗಿದ್ದೂ ನಿಜ. ಆದ್ರೆ ಇನ್ನೊಂದು ಡ್ರಾಯಿಂಗ್‌ಗೆ ಹೋಗಿ ಬಂದ ತಕ್ಷಣ ನಾನು ಬರೆದದ್ದು ಹೋಗಿ ಹಳೇದೇ ಬಂದು ಕೂತಿತ್ತು. ಈ ವಿಷಯದ ಕಷ್ಟ ಇರೋದೇ ಇಲ್ಲಿ, ಬರೆಯೋದಕ್ಕೆ ಒಂದು ಸಾಲು ಕೋಡ್ ಸಾಕು, ಅದನ್ನ ಅಲ್ಲೇ ಉಳಿಸ್ಕೊಳ್ಳೋದಕ್ಕೆ ಉಳಿದ ಕೋಡ್ ಎಲ್ಲಾ ಬೇಕು. ಯಾಕಂದ್ರೆ ಆ ಪಟ್ಟಿ ನಮ್ಮದಲ್ಲ, ಪ್ರೋಗ್ರಾಂದು, ಅದು ತನಗೆ ಬೇಕಾದಾಗೆಲ್ಲಾ ಬಂದು ಒರೆಸಿ ಮತ್ತೆ ಬರೆಯುತ್ತೆ.

ಮೊದಲು ಟೈಟಲ್ ಬಾರ್ ಅಂದ್ರೆ ಏನು ಅಂತ ನೋಡೋಣ. ವಿಂಡೋಸ್‌ನಲ್ಲಿ ಪ್ರತಿ ವಿಂಡೋಗೂ ಒಂದು ಹ್ಯಾಂಡಲ್ ಅಂತ ಇರುತ್ತೆ, ಅಂದ್ರೆ ಆ ವಿಂಡೋನ ಗುರುತಿಸೋ ಒಂದು ಸಂಖ್ಯೆ, ಅದರ ಜೊತೆ ಒಂದು ಬರಹ ಅಂಟಿಕೊಂಡಿರುತ್ತೆ. ಆ ಬರಹಾನೇ ಟೈಟಲ್. ಮೇಲಿನ ಪಟ್ಟಿಯಲ್ಲಿ ಕಾಣೋದು ಅದೇ, ಕೆಳಗೆ ಟಾಸ್ಕ್‌ಬಾರ್‌ನಲ್ಲಿ ಕಾಣೋದೂ ಅದೇ, ಆಲ್ಟ್ ಟ್ಯಾಬ್ ಒತ್ತಿದಾಗ ಬರೋದೂ ಅದೇ. ಯಾರಾದ್ರೂ ಆ ವಿಂಡೋಗೆ 'ನಿನ್ನ ಬರಹ ಇನ್ಮೇಲೆ ಇದು' ಅಂತ ಒಂದು ಮೆಸೇಜ್ ಕಳಿಸಿದ್ರೆ ಅದು ಬದಲಾಗುತ್ತೆ, ಆ ಮೆಸೇಜ್ ಪ್ರೋಗ್ರಾಂ ತಾನೇ ಕಳಿಸ್ಕೊಂಡಿದ್ದೋ ನಮ್ಮ ಮ್ಯಾಕ್ರೋ ಕಳಿಸಿದ್ದೋ ಅಂತ ವಿಂಡೋ ವಿಚಾರಿಸಲ್ಲ, ಕೊನೆಗೆ ಬಂದವರ ಮಾತೇ ನಿಲ್ಲುತ್ತೆ.

ಟಾಸ್ಕ್‌ಬಾರ್‌ನ ವಿಷಯ ಬಂತಲ್ಲ, ಒಂದು ಮಾತು ಈಗಲೇ ಹೇಳಿಬಿಡ್ತೀನಿ, ಯಾಕಂದ್ರೆ ಸುಮಾರು ಜನ ಇದನ್ನ ತಲೆಕೆಳಗಾಗಿ ಮಾಡ್ತಾರೆ. ಜಾಗ ಸಾಲದಿದ್ದಾಗ ಬರಹ ಕತ್ತರಿಸೋದು ಬಾಲದ ಕಡೆಯಿಂದ. ಎಲ್ಲಾ ವಿಂಡೋಗೂ ಒಂದೇ ಆಗಿರೋ ಮಾತು, ಅಂದ್ರೆ ಪ್ರೋಗ್ರಾಂ ಹೆಸರು, ಆವೃತ್ತಿ, ಡ್ರೈವ್ ಅಕ್ಷರ, ಇವೆಲ್ಲಾ ಮುಂದೆ ಕೂತ್ರೆ ಬೇರೆ ಬೇರೆ ಆಗಿರೋ ಮಾತು ಚುಕ್ಕಿಗಳ ಹಿಂದೆ ಮರೆಯಾಗುತ್ತೆ. ಹಾಗಾಗಿ ಯಾವುದು ಒಂದು ವಿಂಡೋನ ಇನ್ನೊಂದರಿಂದ ಬೇರೆ ಮಾಡುತ್ತೋ ಅದು ಮೊದಲು ಬರಬೇಕು, ನನ್ನ ಕೇಸಲ್ಲಿ ರಿವಿಷನ್, ಆಮೇಲೆ ಫೈಲ್ ಹೆಸರು, ಪ್ರೋಗ್ರಾಂ ಹೆಸರು ಕೊನೆಗೆ ಇದ್ರೂ ಆಯ್ತು ಇಲ್ಲದಿದ್ರೂ ಆಯ್ತು, ನಾನು ಯಾವ ಪ್ರೋಗ್ರಾಂನಲ್ಲಿ ಕೂತಿದ್ದೀನಿ ಅನ್ನೋದು ನನಗೆ ಗೊತ್ತಿರುತ್ತೆ.

ಮ್ಯಾಕ್ರೋಗೆ ಕೈ ಹಾಕೋ ಮೊದಲು ಸೆಟ್ಟಿಂಗ್ ನೋಡಿಬಿಡಿ. ಆಟೋಕ್ಯಾಡ್‌ನಲ್ಲಿ ಆಪ್ಷನ್ಸ್ ತೆಗೆದು ಓಪನ್ ಆಂಡ್ ಸೇವ್ ಟ್ಯಾಬ್‌ಗೆ ಹೋದ್ರೆ ಟೈಟಲ್‌ನಲ್ಲಿ ಪೂರ್ತಿ ಪಾತ್ ತೋರಿಸು ಅಂತ ಒಂದು ಟಿಕ್ ಇದೆ, ಪಾತ್ ಅಂದ್ರೆ ಫೈಲ್ ಯಾವ ಯಾವ ಫೋಲ್ಡರ್ ಒಳಗಿದೆ ಅನ್ನೋ ವಿಳಾಸ. ಸಾಲಿಡ್‌ವರ್ಕ್ಸ್ ಅನ್ನೋ ಇನ್ನೊಂದು ಕ್ಯಾಡ್‌ನಲ್ಲೂ ಸಿಸ್ಟಂ ಆಪ್ಷನ್ಸ್‌ನ ಜನರಲ್ ಪುಟದಲ್ಲಿ ಅದೇ ಥರ ಒಂದಿದೆ. ನಾಲ್ಕು ಜನಕ್ಕೆ ಮೂರು ಜನರ ಕಷ್ಟ ಇಷ್ಟಕ್ಕೇ ಮುಗಿಯುತ್ತೆ ಅಂತ ನನ್ನ ಅಂದಾಜು. ಮುಗಿಯದೇ ಇರೋದು ಫೋಲ್ಡರ್ ಒಳಗೆ ಫೋಲ್ಡರ್ ಏಳೆಂಟು ಹಂತ ಇರೋವರಿಗೆ, ಅಲ್ಲಿ ಪಾತ್‌ನ ಮುಂದಿನ ಅರ್ಧ ಎಲ್ಲಾ ಫೈಲ್‌ಗೂ ಒಂದೇ, ವ್ಯತ್ಯಾಸ ಇರೋದು ಕೊನೇ ಎರಡು ಫೋಲ್ಡರ್‌ನಲ್ಲಿ, ಆ ಕೊನೇದೇ ಕತ್ತರಿಗೆ ಸಿಗೋದು.

ಇದರ ಮುಂದಿನ ಹೆಜ್ಜೆ ಟೈಟಲ್ ಬಾರ್ ಅಲ್ಲ, ಅದರ ತಮ್ಮ, ಕೆಳಗಿರೋ ಸ್ಟೇಟಸ್ ಬಾರ್. ಆಟೋಕ್ಯಾಡ್‌ನಲ್ಲಿ ಮೋಡ್‌ಮ್ಯಾಕ್ರೋ ಅಂತ ಒಂದು ಸಿಸ್ಟಂ ವೇರಿಯಬಲ್ ಇದೆ, ಅದಕ್ಕೆ ಏನು ಕೊಟ್ರೂ ಸ್ಟೇಟಸ್ ಬಾರ್‌ನಲ್ಲಿ ತೋರಿಸುತ್ತೆ. ಬರೀ ಅಕ್ಷರ ಕೊಟ್ರೆ ಅಕ್ಷರ ಬರುತ್ತೆ, ಡೀಸೆಲ್ ಅನ್ನೋ ಪುಟ್ಟ ಭಾಷೆಯಲ್ಲಿ ಬರೆದುಕೊಟ್ರೆ ಲೆಕ್ಕ ಮಾಡಿ ಉತ್ತರ ತೋರಿಸುತ್ತೆ. ಗಾಡಿಗೆ ಹಾಕೋ ಡೀಸೆಲ್ ಅಲ್ಲ, ಡೈರೆಕ್ಟ್ ಇಂಟರ್‌ಪ್ರಿಟಿವ್‌ಲಿ ಇವ್ಯಾಲ್ಯುಯೇಟೆಡ್ ಸ್ಟ್ರಿಂಗ್ ಎಕ್ಸ್‌ಪ್ರೆಷನ್ ಲ್ಯಾಂಗ್ವೇಜ್ ಅನ್ನೋದರ ಚಿಕ್ಕ ರೂಪ, ಇಷ್ಟು ದೊಡ್ಡ ಹೆಸರು ಇಷ್ಟು ಚಿಕ್ಕ ಭಾಷೆಗೆ. ಈ ಭಾಷೆಯಲ್ಲಿ ಎಲ್ಲಾನೂ ಸ್ಟ್ರಿಂಗ್, ಅಂದ್ರೆ ಅಕ್ಷರಗಳ ಸಾಲು, ಒಳಗೆ ಬರೋದೂ ಸ್ಟ್ರಿಂಗ್, ಹೊರಗೆ ಹೋಗೋದೂ ಸ್ಟ್ರಿಂಗ್. ಡಾಲರ್ ಗುರುತು, ಆಮೇಲೆ ಬ್ರಾಕೆಟ್, ಒಳಗೆ ಮೊದಲು ಫಂಕ್ಷನ್ ಹೆಸರು, ಆಮೇಲೆ ಕಾಮಾ ಹಾಕಿ ಅದಕ್ಕೆ ಬೇಕಾದ್ದು. ನೋಡಿ, ಇಲ್ಲಿ ಓದೋಕೆ ಸುಲಭ ಆಗ್ಲಿ ಅಂತ ಕನ್ನಡ ಲಿಪಿಯಲ್ಲಿ ಬರೀತಿದ್ದೀನಿ, ಟೈಪ್ ಮಾಡೋವಾಗ ಹೆಸರುಗಳನ್ನ ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು:

$(ಗೆಟ್‌ವಾರ್,ಡಿಡಬ್ಲ್ಯೂಜಿನೇಮ್)

ಇದು ಈಗಿನ ಡ್ರಾಯಿಂಗ್ ಹೆಸರು ಕೊಡುತ್ತೆ. ಡಿಡಬ್ಲ್ಯೂಜಿನೇಮ್ ಜಾಗದಲ್ಲಿ ಡಿಡಬ್ಲ್ಯೂಜಿಪ್ರಿಫಿಕ್ಸ್ ಅಂತ ಹಾಕಿದ್ರೆ ಫೋಲ್ಡರ್ ಪಾತ್ ಬರುತ್ತೆ. ನನಗೆ ಪಾತ್‌ನ ಬಾಲ ಮಾತ್ರ ಬೇಕಿತ್ತಲ್ಲ, ಅದಕ್ಕೆ ಉದ್ದ ಅಳೆದು ಕೊನೇ 20 ಅಕ್ಷರದಷ್ಟು ಕತ್ತರಿಸಿ ತಗೊಂಡೆ:

$(ಸಬ್‌ಸ್ಟರ್,$(ಗೆಟ್‌ವಾರ್,ಡಿಡಬ್ಲ್ಯೂಜಿಪ್ರಿಫಿಕ್ಸ್),$(-,$(ಸ್ಟರ್‌ಲೆನ್,$(ಗೆಟ್‌ವಾರ್,ಡಿಡಬ್ಲ್ಯೂಜಿಪ್ರಿಫಿಕ್ಸ್)),19))

ಒಳಗಿಂದ ಹೊರಗೆ ಓದ್ಕೊಂಡು ಬಂದ್ರೆ ಅರ್ಥ ಆಗುತ್ತೆ, ಮೊದಲು ಪಾತ್‌ನ ಉದ್ದ, ಅದರಿಂದ 19 ಕಳೆದ್ರೆ ಎಲ್ಲಿಂದ ಶುರು ಮಾಡ್ಬೇಕು ಅನ್ನೋ ಜಾಗ, ಅಲ್ಲಿಂದ ಕೊನೇತನಕ. ಪಾತ್ ತುಂಬಾ ಚಿಕ್ಕದಿದ್ರೆ ಈ ಕಳೆಯೋ ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯುತ್ತೆ, ಅಂಥದ್ದಕ್ಕೆ ಮುಂದೆ ಒಂದು ಇಫ್ ಹಾಕಬೇಕು. ಇಫ್ ಕೂಡ ಇದೇ ಥರ, ಮೊದಲು ಷರತ್ತು, ಆಮೇಲೆ ನಿಜ ಆದ್ರೆ ಏನು, ಆಮೇಲೆ ಅಲ್ಲದಿದ್ರೆ ಏನು. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ತುಣುಕು ಇದು:

$(ಇಫ್,$(ಗೆಟ್‌ವಾರ್,ರೈಟ್‌ಸ್ಟ್ಯಾಟ್),,ರೀಡ್ ಓನ್ಲಿ ಹುಷಾರ್)

ರೈಟ್‌ಸ್ಟ್ಯಾಟ್ 1 ಇದ್ರೆ ಫೈಲ್‌ಗೆ ಬರೆಯಬಹುದು, 0 ಇದ್ರೆ ಬರೆಯೋ ಹಾಗಿಲ್ಲ. ಹಾಗಾಗಿ 1 ಇದ್ರೆ ಏನೂ ತೋರಿಸಬೇಡ, ಅದಕ್ಕೇ ಎರಡು ಕಾಮಾ ಮಧ್ಯೆ ಖಾಲಿ ಬಿಟ್ಟಿದ್ದು, 0 ಇದ್ರೆ ಕೂಗು. ಅದೇ ಥರ ಡಿಬಿಮಾಡ್ ಅನ್ನೋದು 0 ಆಗಿದ್ರೆ ಕೊನೇ ಸೇವ್ ಆದ್ಮೇಲೆ ಡ್ರಾಯಿಂಗ್ ಏನೂ ಬದಲಾಗಿಲ್ಲ ಅಂತ.

ಡೀಸೆಲ್‌ನಲ್ಲಿ ಎಡವೋ ಜಾಗ ಎರಡಿದೆ. ಒಂದು, ಒಂದು ಫಂಕ್ಷನ್‌ಗೆ ಅದರ ಹೆಸರೂ ಸೇರಿ 10ಕ್ಕಿಂತ ಜಾಸ್ತಿ ಪ್ಯಾರಾಮೀಟರ್ ಕೊಡೋ ಹಾಗಿಲ್ಲ. ಇನ್ನೊಂದು ದಿನಾಂಕ ಬರೆಯೋ ಇಡಿಟೈಮ್ ಫಂಕ್ಷನ್, ಅದರಲ್ಲಿ ಎಂಎಂ ಅಂದ್ರೆ ತಿಂಗಳಲ್ಲ, ನಿಮಿಷ, ತಿಂಗಳಿಗೆ ಎಂಒ ಅಂತ ಹಾಕಬೇಕು. ನಾನು ತಿಂಗಳು ಅನ್ಕೊಂಡು ಎಂಎಂ ಹಾಕಿ, ಸ್ಟೇಟಸ್ ಬಾರ್‌ನಲ್ಲಿ 47ನೇ ತಿಂಗಳು ನೋಡಿ ಎಲ್ಲಿ ತಪ್ಪಿದೆ ಅಂತ ತಲೆ ಕೆರ್ಕೊಂಡಿದ್ದು ಇದೆ. ತಪ್ಪು ಎಲ್ಲಿದೆ ಅಂತ ಗೊತ್ತಾಗದಿದ್ರೆ ಮ್ಯಾಕ್ರೋಟ್ರೇಸ್ ಅನ್ನೋ ವೇರಿಯಬಲ್ ಅನ್ನ 1 ಮಾಡಿ, ಪ್ರತಿ ತುಣುಕು ಏನು ಉತ್ತರ ಕೊಡ್ತಿದೆ ಅಂತ ಕಮಾಂಡ್ ಲೈನ್‌ನಲ್ಲಿ ಸುರಿಯುತ್ತೆ. ಕೆಲಸ ಆದ್ಮೇಲೆ ಮರೀದೆ 0 ಮಾಡಿ, ಇಲ್ಲಾಂದ್ರೆ ಕಮಾಂಡ್ ಲೈನ್ ನೋಡೋ ಹಾಗಿರಲ್ಲ.

ಮೋಡ್‌ಮ್ಯಾಕ್ರೋ ಎಲ್ಲೂ ಸೇವ್ ಆಗಲ್ಲ, ಪ್ರೋಗ್ರಾಂ ಮುಚ್ಚಿದ್ರೆ ಹೋಯ್ತು, ಹಾಗಾಗಿ ಅದನ್ನ ಸೆಟ್ ಮಾಡೋ ಸಾಲನ್ನ ಆಕ್ಯಾಡ್‌ಡಾಕ್ ಅನ್ನೋ ಲಿಸ್ಪ್ (ಆಟೋಕ್ಯಾಡ್‌ಗೆ ಮ್ಯಾಕ್ರೋ ಬರೆಯೋ ಒಂದು ಭಾಷೆ) ಫೈಲ್‌ನಲ್ಲಿ ಹಾಕಿಡಬೇಕು, ಅದು ಪ್ರತಿ ಡ್ರಾಯಿಂಗ್ ತೆಗೆದಾಗಲೂ ತಾನಾಗೇ ಓಡುತ್ತೆ. ಆಕ್ಯಾಡ್ ಅನ್ನೋ ಇನ್ನೊಂದು ಲಿಸ್ಪ್ ಫೈಲ್ ಇದೆ, ಅದು ಮಾಮೂಲಿಯಾಗಿ ಪ್ರೋಗ್ರಾಂ ಶುರುವಾದಾಗ ಒಂದ್ಸಲ ಮಾತ್ರ. ಆಟೋಕ್ಯಾಡ್ ಎಲ್‌ಟಿ, ಅಂದ್ರೆ ಅದರ ಚಿಕ್ಕ ರೂಪ, ಇಟ್ಕೊಂಡಿರೋವರಿಗೂ ಡೀಸೆಲ್ ಸಿಗುತ್ತೆ, ಲಿಸ್ಪ್ ಮಾತ್ರ ಅವರಿಗೆ 2024ರ ಆವೃತ್ತಿಯಿಂದ ಬಂದಿದ್ದು. ನನ್ನನ್ನ ಕೇಳಿದ್ರೆ ಹತ್ತರಲ್ಲಿ ಎಂಟು ಜನ ಇಲ್ಲಿಗೇ ನಿಲ್ಲಿಸಬಹುದು, ಸ್ಟೇಟಸ್ ಬಾರ್ ಕಣ್ಣಿಗೆ ಸ್ವಲ್ಪ ದೂರ ಅನ್ನೋದು ಬಿಟ್ರೆ ಇದರಲ್ಲಿ ಕೊರತೆ ಇಲ್ಲ, ಮುಖ್ಯವಾಗಿ ಇದನ್ನ ಯಾರೂ ಬಂದು ಒರೆಸಲ್ಲ.

ಆದ್ರೂ ಟಾಸ್ಕ್‌ಬಾರ್‌ನಲ್ಲೇ ಕಾಣಬೇಕು, ಆಲ್ಟ್ ಟ್ಯಾಬ್‌ನಲ್ಲೇ ಗೊತ್ತಾಗಬೇಕು ಅಂದ್ರೆ ಟೈಟಲ್‌ಗೇ ಕೈ ಹಾಕಬೇಕು. ಆಟೋಕ್ಯಾಡ್‌ನ ಅಪ್ಲಿಕೇಶನ್ ಆಬ್ಜೆಕ್ಟ್‌ಗೆ, ಅಂದ್ರೆ ಕೋಡ್‌ನ ಕಣ್ಣಿಗೆ ಕಾಣೋ ಆಟೋಕ್ಯಾಡ್‌ಗೆ, ಕ್ಯಾಪ್ಷನ್ ಅಂತ ಒಂದು ಪ್ರಾಪರ್ಟಿ ಇದೆ, ಅದನ್ನ ನೋಡಿದ ಕೂಡ್ಲೇ ಎಲ್ಲರೂ ಖುಷಿಯಿಂದ ಅದಕ್ಕೆ ಬರಹ ಕೊಡೋಕೆ ಹೋಗ್ತಾರೆ, ಎರರ್ ಬರುತ್ತೆ. ಅದು ಓದೋಕೆ ಮಾತ್ರ. ಡಾಕ್ಯುಮೆಂಟ್‌ನ ವಿಂಡೋಟೈಟಲ್ ಕೂಡ ಹಾಗೇ, ನೋಡಬಹುದು, ಮುಟ್ಟೋ ಹಾಗಿಲ್ಲ. ಬಾಗಿಲು ಹಾಕಿದೆ, ಆದ್ರೆ ಕೀ ಪಕ್ಕದಲ್ಲೇ ಇದೆ, ಅದೇ ಅಪ್ಲಿಕೇಶನ್ ಆಬ್ಜೆಕ್ಟ್ ಎಚ್‌ಡಬ್ಲ್ಯೂಎನ್‌ಡಿ ಅನ್ನೋ ಪ್ರಾಪರ್ಟಿಯಲ್ಲಿ ಮುಖ್ಯ ವಿಂಡೋದ ಹ್ಯಾಂಡಲ್ ಕೊಡುತ್ತೆ. ಹ್ಯಾಂಡಲ್ ಸಿಕ್ಮೇಲೆ ಆಟೋಕ್ಯಾಡ್ ಅನ್ನ ಕೇಳೋ ಅಗತ್ಯಾನೇ ಇಲ್ಲ, ವಿಂಡೋಸ್‌ನ ಯೂಸರ್32 ಲೈಬ್ರರಿಯಲ್ಲಿ ಸೆಟ್‌ವಿಂಡೋಟೆಕ್ಸ್ಟ್ ಅಂತ ಒಂದು ಫಂಕ್ಷನ್ ಇದೆ, ಹ್ಯಾಂಡಲ್ ಕೊಡಿ, ಬರಹ ಕೊಡಿ, ಮುಗೀತು.

ವಿಬಿಎ ಅನ್ನೋ ಮ್ಯಾಕ್ರೋ ಭಾಷೆಯಲ್ಲಿ ಮಾಡೋದಾದ್ರೆ ಮೊದಲು ಮಾಡ್ಯೂಲ್‌ನ ತಲೆಯಲ್ಲಿ ಡಿಕ್ಲೇರ್ ಅಂತ ಬರೆದು ಈ ಫಂಕ್ಷನ್ ಅನ್ನ ಪರಿಚಯ ಮಾಡಿಸಬೇಕು. ಇಲ್ಲಿ ಎರಡು ಕಡೆ ಕಾಲು ಜಾರುತ್ತೆ. 64 ಬಿಟ್ ವಿಬಿಎನಲ್ಲಿ ಡಿಕ್ಲೇರ್ ಪಕ್ಕ ಪಿಟಿಆರ್‌ಸೇಫ್ ಅನ್ನೋ ಪದ ಇರಲೇಬೇಕು, ಹ್ಯಾಂಡಲ್ ಹಿಡಿಯೋ ವೇರಿಯಬಲ್ ಲಾಂಗ್ ಅಲ್ಲ, ಲಾಂಗ್‌ಪಿಟಿಆರ್ ಆಗಿರಬೇಕು, ಹಳೇ ಕೋಡ್ ಎಲ್ಲಿಂದಲೋ ತಂದು ಅಂಟಿಸಿದ್ರೆ ಕಂಪೈಲ್ ಆಗದೇ ಕೆಂಪಗೆ ನಿಲ್ಲೋದು ಇದಕ್ಕೇ. ಇನ್ನೊಂದು ಲಿಪಿಯ ವಿಷಯ. ಸೆಟ್‌ವಿಂಡೋಟೆಕ್ಸ್ಟ್ ಎರಡು ರೂಪದಲ್ಲಿದೆ, ಕೊನೆಗೆ ಎ ಇರೋದು ಕೆಲವೇ ಲಿಪಿ ಹಿಡಿಸೋ ಹಳೇ ಆನ್ಸಿ, ಡಬ್ಲ್ಯೂ ಇರೋದು ಎಲ್ಲಾ ಲಿಪಿ ಹಿಡಿಸೋ ಯೂನಿಕೋಡ್. ವಿಬಿಎ ಒಂದು ಸ್ಟ್ರಿಂಗ್ ಅನ್ನ ಡಿಕ್ಲೇರ್ ಮಾಡಿದ ಫಂಕ್ಷನ್‌ಗೆ ಕೊಡೋವಾಗ ತಾನಾಗೇ ಆನ್ಸಿ ಮಾಡಿಬಿಡುತ್ತೆ, ಅಲ್ಲಿ ಕನ್ನಡ ಅಕ್ಷರ ಇದ್ರೆ ಸಾಲಾಗಿ ಪ್ರಶ್ನೆ ಚಿಹ್ನೆ ಬಂದು ನಿಲ್ಲುತ್ತೆ. ಡಬ್ಲ್ಯೂ ರೂಪ ತಗೊಂಡು, ಸ್ಟ್ರಿಂಗ್ ಬದಲು ಸ್ಟರ್‌ಪಿಟಿಆರ್ ಮೂಲಕ ಅದರ ವಿಳಾಸ ಕೊಟ್ರೆ ಸರಿಹೋಗುತ್ತೆ. ಅಷ್ಟು ಮಾಡಿದ್ರೂ ವಿಬಿಎ ಎಡಿಟರ್ ಒಳಗೆ ನೇರವಾಗಿ ಕನ್ನಡ ಟೈಪ್ ಮಾಡೋಕಾಗಲ್ಲ, ಸಿಎಚ್‌ಆರ್‌ಡಬ್ಲ್ಯೂ ಫಂಕ್ಷನ್‌ನಿಂದ ಒಂದೊಂದೇ ಅಕ್ಷರ ಕಟ್ಟಬೇಕು ಇಲ್ಲಾ ಹೊರಗಿನ ಫೈಲ್‌ನಿಂದ ಓದ್ಕೋಬೇಕು. ಫೋಲ್ಡರ್ ಹೆಸರೇ ಕನ್ನಡದಲ್ಲಿದ್ರೆ ಅದು ಡಾಕ್ಯುಮೆಂಟ್‌ನಿಂದ ಬರೋದರಿಂದ ಈ ಕಟ್ಟೋ ಕೆಲಸ ಇರಲ್ಲ.

ಬರಹ ತಯಾರು ಮಾಡೋದು ಸುಲಭ. ಡಾಕ್ಯುಮೆಂಟ್‌ನ ಫುಲ್‌ನೇಮ್ ತಗೊಳ್ಳಿ, ಬ್ಯಾಕ್‌ಸ್ಲ್ಯಾಷ್ ಇರೋ ಕಡೆಯೆಲ್ಲಾ ಸ್ಪ್ಲಿಟ್ ಮಾಡಿ, ಕೊನೇ ತುಂಡು ಫೈಲ್ ಹೆಸರು, ಅದರ ಹಿಂದಿನದು ಫೋಲ್ಡರ್. ನನ್ನ ಟೈಟಲ್ ಈಗ ಹೀಗೆ ಕಾಣುತ್ತೆ: 'ರಿ3 | ಪ್ಲಾನ್-01'. ಇನ್ನೂ ಸೇವ್ ಮಾಡದ ಹೊಸ ಡ್ರಾಯಿಂಗ್‌ಗೆ ಫುಲ್‌ನೇಮ್ ಖಾಲಿ ಇರುತ್ತೆ, ಆಗ ಹಿಂದಿನ ತುಂಡು ಹುಡುಕ್ತಾ ಹೋದ್ರೆ ಮ್ಯಾಕ್ರೋ ಮುಗ್ಗರಿಸುತ್ತೆ, ಅದಕ್ಕೆ ಮೊದಲೇ ನೋಡ್ಕೊಂಡು 'ಸೇವ್ ಆಗಿಲ್ಲ' ಅಂತ ಬರೆಸಿಬಿಡಿ, ಅದೂ ಒಂದು ಉಪಯೋಗದ ಮಾಹಿತಿನೇ.

ಈಗ ಅಸಲಿ ಕಷ್ಟ. ಮ್ಯಾಕ್ರೋ ಓಡಿಸಿದ್ರಿ, ಟೈಟಲ್ ಬದಲಾಯ್ತು, ಇನ್ನೊಂದು ಡ್ರಾಯಿಂಗ್‌ಗೆ ಹೋದ್ರಿ, ಹೋಯ್ತು. ಯಾಕೆ ಅಂದ್ರೆ ಒಂದು ದೊಡ್ಡ ವಿಂಡೋ ಒಳಗೆ ಹಲವು ಡ್ರಾಯಿಂಗ್ ವಿಂಡೋ ಇರೋ ಈ ರಚನೆಯಲ್ಲಿ ಹೊರಗಿನ ವಿಂಡೋದ ಬರಹ ಅನ್ನೋದು ಎರಡು ತುಂಡು ಜೋಡಿಸಿ ಮಾಡಿದ್ದು, ಪ್ರೋಗ್ರಾಂ ಹೆಸರು ಒಂದು, ಒಳಗೆ ಮ್ಯಾಕ್ಸಿಮೈಸ್ ಆಗಿರೋ ಡ್ರಾಯಿಂಗ್‌ನ ಹೆಸರು ಇನ್ನೊಂದು, ಚೌಕ ಬ್ರಾಕೆಟ್ ಒಳಗೆ ಬರುತ್ತಲ್ಲ ಅದು. ಒಳಗಿನ ವಿಂಡೋ ಬದಲಾದಾಗ, ಸೇವ್ ಆದಾಗ, ಬೇರೆ ಹೆಸರಿಂದ ಸೇವ್ ಮಾಡಿದಾಗ ಈ ಜೋಡಣೆ ಹೊಸದಾಗಿ ನಡೆಯುತ್ತೆ, ನಾವು ಬರೆದದ್ದಕ್ಕೆ ಅಲ್ಲಿ ಲೆಕ್ಕಾನೇ ಇಲ್ಲ. ಒಂದು ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ, ಆಟೋಕ್ಯಾಡ್‌ನ 14ನೇ ರಿಲೀಸ್ ತನಕ ಒಂದು ಸಲಕ್ಕೆ ಒಂದೇ ಡ್ರಾಯಿಂಗ್, ಒಂದೇ ವಿಂಡೋ ಒಳಗೆ ಹಲವು ತೆಗೆಯೋ ಅನುಕೂಲ ಬಂದಿದ್ದು ಆಟೋಕ್ಯಾಡ್ 2000ರಲ್ಲಿ, 1999ರಲ್ಲಿ. ಅನುಕೂಲದ ಜೊತೆ ಯಾವ ಡ್ರಾಯಿಂಗ್‌ನಲ್ಲಿ ಇದ್ದೀನಿ ಅನ್ನೋ ಗೊಂದಲಾನೂ ಬಂತು.

ಮೊದಲು ಎಲ್ಲರಿಗೂ ಹೊಳೆಯೋ ಉಪಾಯ ಟೈಮರ್, ಅರ್ಧ ಸೆಕೆಂಡಿಗೊಮ್ಮೆ ಬರೀತಾ ಇರೋದು. ಮಾಡಬೇಡಿ. ಬರಹ ಮಿಣುಕುತ್ತೆ, ಕಮಾಂಡ್ ನಡೀತಾ ಇರೋವಾಗ ಮಧ್ಯೆ ಮೂಗು ತೂರಿಸುತ್ತೆ, ಮತ್ತೆ ಮ್ಯಾಕ್ರೋ ಕೆಟ್ರೆ ನಿಲ್ಲಿಸೋಕೆ ಪ್ರೋಗ್ರಾಂನೇ ಮುಚ್ಚಬೇಕಾಗುತ್ತೆ. ಸರಿಯಾದ ದಾರಿ ಇವೆಂಟ್. ಪ್ರೋಗ್ರಾಂ ಏನಾದ್ರೂ ಮಾಡಿದಾಗ 'ಹೀಗಾಯ್ತು' ಅಂತ ಹೇಳುತ್ತೆ, ನಾವು ಅದಕ್ಕೆ ಕಿವಿ ಕೊಟ್ಟಿರಬೇಕು. ವಿಬಿಎನಲ್ಲಿ ಒಂದು ಕ್ಲಾಸ್ ಮಾಡ್ಯೂಲ್ ಮಾಡಿ ಅದರಲ್ಲಿ ವಿತ್‌ಇವೆಂಟ್ಸ್ ಅಂತ ಸೇರಿಸಿ ಅಪ್ಲಿಕೇಶನ್ ಆಬ್ಜೆಕ್ಟ್ ಹಿಡ್ಕೊಂಡ್ರೆ ಎಂಡ್‌ಓಪನ್, ಎಂಡ್‌ಸೇವ್, ಆಪ್‌ಆಕ್ಟಿವೇಟ್ ಇವೆಲ್ಲಾ ಸಿಗುತ್ತೆ, ಒಂದು ಡ್ರಾಯಿಂಗ್‌ನಿಂದ ಇನ್ನೊಂದಕ್ಕೆ ಹೋದದ್ದು ತಿಳಿಯೋಕೆ ಡಾಕ್ಯುಮೆಂಟ್‌ನ ಆಕ್ಟಿವೇಟ್ ಇವೆಂಟ್. ಆ ಕ್ಲಾಸ್‌ನ ಆಬ್ಜೆಕ್ಟ್ ಅನ್ನ ಮಾಡ್ಯೂಲ್ ಮಟ್ಟದ ವೇರಿಯಬಲ್‌ನಲ್ಲಿ ಇಡಬೇಕು, ಸಬ್ (ಒಂದು ಕೆಲಸ ಮಾಡೋ ಕೋಡ್ ತುಂಡು) ಒಳಗೆ ಡಿಮ್ ಮಾಡಿದ್ರೆ, ಅಂದ್ರೆ ಆ ವೇರಿಯಬಲ್ ಅನ್ನ ಅಲ್ಲೇ ಹುಟ್ಟಿಸಿದ್ರೆ, ಸಬ್ ಮುಗಿದ ಕ್ಷಣ ಕಿವಿ ಮುಚ್ಚಿಹೋಗುತ್ತೆ, ಎರರ್ ಕೂಡ ಬರಲ್ಲ, ಸುಮ್ಮನೆ ಏನೂ ಆಗಲ್ಲ. ಇದನ್ನ ಹುಡುಕೋಕೆ ನನಗೆ ಒಂದು ಸಂಜೆ ಪೂರ್ತಿ ಹಿಡೀತು.

ಇವೆಂಟ್ ಬಂದ ಕೂಡ್ಲೇ ಬರೆದ್ರೂ ಕೆಲವು ಸಲ ನಿಲ್ಲಲ್ಲ, ಯಾಕಂದ್ರೆ ಪ್ರೋಗ್ರಾಂ ಮೊದಲು ನಮಗೆ ಸುದ್ದಿ ಕೊಟ್ಟು ಆಮೇಲೆ ತನ್ನ ಟೈಟಲ್ ಬರೆಯಬಹುದು, ಕೊನೆಗೆ ಬರೆದವರದ್ದೇ ಮಾತು ಅಂತ ಮೊದಲೇ ಹೇಳಿದ್ನಲ್ಲ. ಹಾಗಾಗಿ ಇವೆಂಟ್ ಒಳಗೆ ಬರೀದೆ 'ಬರೆಯೋದಿದೆ' ಅಂತ ಒಂದು ಗುರುತು ಹಾಕ್ಕೊಂಡು, ಪ್ರೋಗ್ರಾಂ ಕೈ ಖಾಲಿಯಾದಾಗ ಬರೆಯಬೇಕು. ಇದಕ್ಕೆ ಡಾಟ್‌ನೆಟ್, ಅಂದ್ರೆ ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವ್ಯವಸ್ಥೆ, ಅದರ ದಾರಿ ತುಂಬಾ ಸಲೀಸು, ಅಲ್ಲಿ ಐಡಲ್ ಅನ್ನೋ ಇವೆಂಟೇ ಇದೆ, ಮತ್ತೆ ಅಲ್ಲಿ ಮೇನ್‌ವಿಂಡೋದ ಟೆಕ್ಸ್ಟ್ ಪ್ರಾಪರ್ಟಿಗೆ ನೇರವಾಗಿ ಬರಹ ಕೊಡಬಹುದು, ವಿಂಡೋಸ್ ಫಂಕ್ಷನ್ ಕರೆಯೋ ಹರಸಾಹಸ ಇಲ್ಲ. ಡಾಕ್ಯುಮೆಂಟ್ ಮ್ಯಾನೇಜರ್‌ನ ಡಾಕ್ಯುಮೆಂಟ್‌ಆಕ್ಟಿವೇಟೆಡ್ ಹಿಡಿದು, ಗುರುತು ಹಾಕಿ, ಐಡಲ್‌ನಲ್ಲಿ ಬರೆದು ಗುರುತು ಅಳಿಸಿದ್ರೆ ಆಯ್ತು. ವಿಬಿಎ ಈಗ ಆಟೋಕ್ಯಾಡ್ ಜೊತೆ ಬರೋದೂ ಇಲ್ಲ, 2010ರ ಆವೃತ್ತಿಯಿಂದ ಅದನ್ನ ಬೇರೆಯಾಗಿ ಡೌನ್‌ಲೋಡ್ ಮಾಡಿ ಹಾಕೋಬೇಕು, ಹಾಗಾಗಿ ಹೊಸದಾಗಿ ಶುರು ಮಾಡೋವರು ಡಾಟ್‌ನೆಟ್ ಕಲಿತ್ರೆ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಯಾವ ದಾರಿ ಆದ್ರೂ ಸರಿ, ಬರೆಯೋ ಮೊದಲು ಈಗ ಏನಿದೆ ಅಂತ ಓದಿ, ಬೇಕಾದ್ದೇ ಇದ್ರೆ ಸುಮ್ಮನಿರಿ. ಇದು ಬರೀ ನಾಜೂಕಿಗಲ್ಲ. ಟೈಟಲ್ ಬದಲಾದದ್ದಕ್ಕೇ ಕಿವಿ ಕೊಟ್ಟಿರೋ ಕೋಡ್ ಆಗಿದ್ರೆ ನಾವು ಬರೆದದ್ದೇ ನಮಗೆ ಸುದ್ದಿಯಾಗಿ ಬಂದು ಮತ್ತೆ ಬರೆದು ಮತ್ತೆ ಸುದ್ದಿ ಬಂದು ಪ್ರೋಗ್ರಾಂ ಅಲ್ಲೇ ಗಿರಕಿ ಹೊಡೀತಾ ನಿಂತುಬಿಡುತ್ತೆ. ಇನ್ನು ರಿಬ್ಬನ್, ಅಂದ್ರೆ ಮೇಲೆ ಬಟನ್‌ಗಳ ಅಗಲ ಪಟ್ಟಿ, ಇರೋ ಪ್ರೋಗ್ರಾಂಗಳು, ಆಟೋಕ್ಯಾಡ್‌ಗೆ ಅದು ಬಂದಿದ್ದು 2009ರ ಆವೃತ್ತಿಯಲ್ಲಿ, ಮೇಲಿನ ಪಟ್ಟಿಯಲ್ಲಿ ಬಟನ್‌ಗಳನ್ನೂ ಕೂರಿಸಬೇಕಾದ್ದರಿಂದ ಅದನ್ನ ತಾವೇ ಬಿಡಿಸ್ಕೊಳ್ಳುತ್ವೆ. ಅಂಥ ಕಡೆ ವಿಂಡೋಸ್ ಹತ್ರ ಇರೋ ಬರಹ ಒಂದು, ಪಟ್ಟಿ ಮೇಲೆ ಬಿಡಿಸಿರೋ ಬರಹ ಇನ್ನೊಂದು ಆಗಬಹುದು, ಟಾಸ್ಕ್‌ಬಾರ್‌ನಲ್ಲಿ ರಿ3 ಅಂತ ಬಂದಿದೆ, ಮೇಲೆ ಬಂದಿಲ್ಲ ಅಂತಾದ್ರೆ ಕೋಡ್ ತಪ್ಪಿದೆ ಅಂತ ಗಾಬರಿ ಆಗಬೇಡಿ.

ಮ್ಯಾಕ್ರೋ ತಾನಾಗೇ ಶುರುವಾಗೋ ಹಾಗೆ ಮಾಡೋಕೆ ವಿಬಿಎ ಆದ್ರೆ ಆಕ್ಯಾಡ್ ಅನ್ನೋ ಹೆಸರಿನ ಡಿವಿಬಿ (ವಿಬಿಎ ಕೋಡ್ ಇಡೋ) ಫೈಲ್‌ನಲ್ಲಿ ಆಕ್ಯಾಡ್‌ಸ್ಟಾರ್ಟಪ್ ಅನ್ನೋ ಸಬ್ ಇಟ್ರೆ ಸಾಕು. ಆದ್ರೆ ತಾನಾಗೇ ಓಡೋ ಫೈಲ್ ಅಂದ್ರೆ ಅದು ಕಳ್ಳರಿಗೂ ಇಷ್ಟ. ಆಕ್ಯಾಡ್/ಮೆಡ್ರೆ.ಎ ಅನ್ನೋ ವರ್ಮ್, ಅಂದ್ರೆ ತಾನಾಗೇ ಹರಡೋ ಕೆಟ್ಟ ಪ್ರೋಗ್ರಾಂ, 2012ರಲ್ಲಿ ಸುದ್ದಿ ಮಾಡಿದ್ದು ಹೀಗೇ, ಅದು ಬರೆದಿದ್ದು ಆಟೋಲಿಸ್ಪ್‌ನಲ್ಲಿ, ಡ್ರಾಯಿಂಗ್ ಜೊತೆ ಫೋಲ್ಡರ್‌ನಲ್ಲಿ ಕೂತು, ಡ್ರಾಯಿಂಗ್ ತೆಗೆದ ಕೂಡ್ಲೇ ಓಡಿ, ಫೈಲ್‌ಗಳನ್ನ ಮೇಲ್‌ನಲ್ಲಿ ಹೊರಗೆ ಸಾಗಿಸ್ತಿತ್ತು. 2014ರ ಆವೃತ್ತಿಯಿಂದ ಸೆಕ್ಯೂರ್‌ಲೋಡ್ ಅಂತ ಕಾವಲು ಇದೆ, ಟ್ರಸ್ಟೆಡ್‌ಪಾತ್ಸ್ ಅನ್ನೋ ಪಟ್ಟಿಯಲ್ಲಿ ಇರದ ಫೋಲ್ಡರ್‌ನಿಂದ ಏನಾದ್ರೂ ಓಡಿಸೋಕೆ ಹೋದ್ರೆ ಕೇಳುತ್ತೆ. ಕೇಳೋದು ಕಿರಿಕಿರಿ ಅಂತ ಅದನ್ನ 0 ಮಾಡೋವರನ್ನ ನೋಡಿದ್ದೀನಿ, ಅದರ ಬದಲು ಮ್ಯಾಕ್ರೋಗೆ ಅಂತ ಒಂದು ಫೋಲ್ಡರ್ ಮಾಡಿ ಅದನ್ನೊಂದೇ ಪಟ್ಟಿಗೆ ಸೇರಿಸಿ, ಆ ಫೋಲ್ಡರ್‌ಗೆ ಬರೆಯೋ ಹಕ್ಕು ಎಲ್ಲರಿಗೂ ಕೊಡಬೇಡಿ.

ಸಾಲಿಡ್‌ವರ್ಕ್ಸ್‌ನಲ್ಲಿ ಕತೆ ಹೆಚ್ಚು ಕಡಿಮೆ ಇದೇ, ಫ್ರೇಮ್ ಆಬ್ಜೆಕ್ಟ್‌ನಿಂದ ಹ್ಯಾಂಡಲ್ ಸಿಗುತ್ತೆ, ಅದೇ ಫ್ರೇಮ್‌ನಿಂದ ಸ್ಟೇಟಸ್ ಬಾರ್‌ಗೂ ಬರೆಯಬಹುದು. ಅಲ್ಲಿನ ವಿಶೇಷ ಏನಂದ್ರೆ ಗೆಟ್‌ಟೈಟಲ್ ಅನ್ನೋ ಫಂಕ್ಷನ್, ಸುಮಾರು ಮ್ಯಾಕ್ರೋಗಳು ಇದರಿಂದ ಬಂದ ಬರಹಾನೇ ಫೈಲ್ ಹೆಸರು ಅಂತ ನಂಬಿ ಕೆಡುತ್ವೆ. ಫೈಲ್ ಎಕ್ಸ್‌ಟೆನ್ಷನ್ ಮುಚ್ಚಿಡು ಅನ್ನೋ ವಿಂಡೋಸ್ ಸೆಟ್ಟಿಂಗ್ ಆನ್ ಇದ್ರೆ ಗೆಟ್‌ಟೈಟಲ್ ಎಕ್ಸ್‌ಟೆನ್ಷನ್ ಇಲ್ಲದೆ ಕೊಡುತ್ತೆ, ಆಫ್ ಇದ್ರೆ ಸೇರಿಸಿ ಕೊಡುತ್ತೆ, ಡ್ರಾಯಿಂಗ್ ಆದ್ರೆ ಹೆಸರಿನ ಜೊತೆ ಶೀಟ್ ಹೆಸರೂ ಅಂಟಿಕೊಂಡು ಬರುತ್ತೆ. ಅಂದ್ರೆ ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡಿದ ಮ್ಯಾಕ್ರೋ ಪಕ್ಕದವರ ಕಂಪ್ಯೂಟರ್‌ನಲ್ಲಿ ಕೊನೇ ಏಳು ಅಕ್ಷರ ತಪ್ಪು ಕತ್ತರಿಸಿ ಕೂರುತ್ತೆ. ಟೈಟಲ್ ಇರೋದು ಕಣ್ಣಿಗೆ ತೋರಿಸೋಕೆ, ಫೈಲ್ ಹೆಸರು ಬೇಕಾದ್ರೆ ಗೆಟ್‌ಪಾತ್‌ನೇಮ್ ತಗೊಂಡು ಅದರಿಂದ ಬಿಡಿಸ್ಕೊಳ್ಳಿ.

ಫ್ರೀಕ್ಯಾಡ್ ಅನ್ನೋ ಉಚಿತ ಕ್ಯಾಡ್‌ನಲ್ಲಿ ಬರೆಯೋದು ಎಲ್ಲಕ್ಕಿಂತ ಸುಲಭ, ಅದು ವಿಂಡೋ, ಬಟನ್ ಮಾಡಿಕೊಡೋ ಕ್ಯೂಟಿ ಅನ್ನೋ ಲೈಬ್ರರಿ ಮೇಲೆ ಕಟ್ಟಿರೋದು, ಪೈಥಾನ್‌ನಲ್ಲಿ ಗೆಟ್‌ಮೇನ್‌ವಿಂಡೋ ಕರೆದು ಅದರ ಮೇಲೆ ಸೆಟ್‌ವಿಂಡೋಟೈಟಲ್ ಕರೆದ್ರೆ ಮುಗೀತು, ಲಿಪಿ ಯಾವುದಾದ್ರೂ ತಕರಾರಿಲ್ಲ. ಉಳಿಸ್ಕೊಳ್ಳೋ ಕಷ್ಟ ಇಲ್ಲೂ ಇದೆ, ಒಳಗಿನ ಟ್ಯಾಬ್ ಬದಲಾದಾಗ ಟೈಟಲ್ ಮತ್ತೆ ಬರೆಯಲ್ಪಡುತ್ತೆ. ಡಾಕ್ಯುಮೆಂಟ್ ಅಬ್ಸರ್ವರ್ ಒಂದನ್ನ ಸೇರಿಸಿ ಡಾಕ್ಯುಮೆಂಟ್ ಬದಲಾದ ಸುದ್ದಿ ಹಿಡಿದು, ಕ್ಯೂಟೈಮರ್‌ನ ಸಿಂಗಲ್‌ಶಾಟ್‌ಗೆ 0 ಮಿಲಿಸೆಕೆಂಡ್ ಕೊಟ್ಟು ಅದರ ಮೂಲಕ ಬರೆಸಬೇಕು. ಸೊನ್ನೆ ಅಂದ್ರೆ ಈಗಲೇ ಅಲ್ಲ, ಕೈಯಲ್ಲಿರೋ ಕೆಲಸ ಮುಗಿದ ತಕ್ಷಣ ಅಂತ, ಆಟೋಕ್ಯಾಡ್‌ನ ಐಡಲ್ ಮಾಡೋದೂ ಹೆಚ್ಚು ಕಡಿಮೆ ಅದನ್ನೇ. ಶುರುವಿನಲ್ಲೇ ಓಡಬೇಕಾದ್ರೆ ಮಾಡ್ ಫೋಲ್ಡರ್ ಒಳಗೆ ಒಂದು ಫೋಲ್ಡರ್ ಮಾಡಿ ಅದರಲ್ಲಿ ಇನಿಟ್‌ಗುಯಿ ಪೈಥಾನ್ ಫೈಲ್ ಇಡಿ.

ಟೈಟಲ್ ಬದಲಾಯಿಸಿದ್ರೆ ಬೇರೆಯವರಿಗೆ ಏಟು ಬೀಳೋದೂ ಇದೆ. ಆಪ್‌ಆಕ್ಟಿವೇಟ್ ಅಂತ ವಿಬಿಎನಲ್ಲಿ ಒಂದು ಸ್ಟೇಟ್‌ಮೆಂಟ್ ಇದೆ, ಇವೆಂಟ್ ಹೆಸರೂ ಅದೇ ಆದ್ರೂ ಇದು ಬೇರೆ, ಇದು ಟೈಟಲ್ ನೋಡಿ ವಿಂಡೋ ಹುಡುಕುತ್ತೆ, ಮೊದಲು ಪೂರ್ತಿ ಹೊಂದೋದು, ಅದು ಸಿಗದಿದ್ರೆ ಕೊಟ್ಟ ಪದದಿಂದ ಶುರುವಾಗೋದು. ಸ್ಪ್ರೆಡ್‌ಶೀಟ್‌ನಲ್ಲಿ ಯಾರೋ ಹಳೇ ಮ್ಯಾಕ್ರೋ ಬರೆದು, ಆಟೋಕ್ಯಾಡ್ ಅಂತ ಶುರುವಾಗೋ ವಿಂಡೋನ ಮುಂದೆ ತಂದು ಅದಕ್ಕೆ ಕೀ ಒತ್ತಿಸ್ತಾ ಇದ್ರೆ, ನಾವು ರಿ3 ಅಂತ ಮುಂದೆ ಸೇರಿಸಿದ ದಿನದಿಂದ ಅದು ನಿಲ್ಲುತ್ತೆ, ಯಾಕೆ ನಿಲ್ತು ಅಂತ ಅವರಿಗೆ ಹೊಳೆಯೋದೂ ಇಲ್ಲ. ಯಾವ ಫೈಲ್ ಮೇಲೆ ಎಷ್ಟು ಹೊತ್ತು ಕೆಲಸ ಆಯ್ತು ಅಂತ ಟೈಟಲ್ ನೋಡಿ ಲೆಕ್ಕ ಇಡೋ ಸಾಫ್ಟ್‌ವೇರ್‌ಗೂ ಇದೇ ಗತಿ, ಹಾಗಾಗಿ ಒಂದೇ ಜಾಗದಲ್ಲಿ ಕೆಲಸ ಮಾಡೋರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.

ಪರೀಕ್ಷೆ ಮಾಡೋವಾಗ ಎಲ್ಲರೂ ತಪ್ಪಿಸೋದು ಒಂದು ಸಂದರ್ಭ, ಎಲ್ಲಾ ಡ್ರಾಯಿಂಗ್ ಮುಚ್ಚಿ ಪ್ರೋಗ್ರಾಂ ಮಾತ್ರ ತೆರೆದಿರೋದು. ಆಗ ಈಗಿನ ಡಾಕ್ಯುಮೆಂಟ್ ಅನ್ನೋದೇ ಇರಲ್ಲ, ಆಕ್ಟಿವ್‌ಡಾಕ್ಯುಮೆಂಟ್ ಕೇಳಿದ್ರೆ ವಿಬಿಎನಲ್ಲಿ ಎರರ್, ಡಾಟ್‌ನೆಟ್‌ನಲ್ಲಿ ನಲ್, ಅಂದ್ರೆ ಏನೂ ಇಲ್ಲ ಅನ್ನೋ ಉತ್ತರ. ಎರರ್ ಬರಬಾರದು ಅಂತ ಅದನ್ನ ನುಂಗಿ ಸುಮ್ಮನಾದ್ರೆ ಟೈಟಲ್‌ನಲ್ಲಿ ಈಗಷ್ಟೇ ಮುಚ್ಚಿದ ಡ್ರಾಯಿಂಗ್‌ನ 'ರಿ3 | ಪ್ಲಾನ್-01' ಹಾಗೇ ಉಳ್ಕೊಳ್ಳಬಹುದು. ಅದಕ್ಕೆ ನಾನು ಮ್ಯಾಕ್ರೋ ಶುರುವಾದಾಗಲೇ ಪ್ರೋಗ್ರಾಂನ ಮೂಲ ಟೈಟಲ್ ಓದಿ ಒಂದು ವೇರಿಯಬಲ್‌ನಲ್ಲಿ ಇಟ್ಕೊಳ್ತೀನಿ, ಡಾಕ್ಯುಮೆಂಟ್ ಸಿಗದಿದ್ದಾಗಲೂ, ಮ್ಯಾಕ್ರೋ ನಿಲ್ಲಿಸೋವಾಗಲೂ ಅದನ್ನೇ ವಾಪಸ್ ಬರೆದಿಡ್ತೀನಿ.